ಊಟ ಬಿಟ್ಟವರ ಬಳಿ ಕೂತವರು

ನಿಪ್ಪಾಣಿ ತಾಲೂಕಿನ ಭೋಜ, ಚಿಕ್ಕೋಡಿ ತಾಲೂಕಿನ ಸದಲಗಾ, ಕಾಗವಾಡ ತಾಲೂಕಿನ ಶೇಡಬಾಳ. ದೂಧಗಂಗೆ, ಕೃಷ್ಣೆಯರ ಕರಿ ಮಣ್ಣಿನ ಈ ಮೂರು ಊರುಗಳ ಮೂವರು ಇಡೀ ದೇಶದ ದಿಗಂಬರ ಜೈನರಿಗೆ ಆಚಾರ್ಯರಾದರು. ಭೋಜದ ಪಾಟೀಲರ ಮನೆಯ ಸಾತಗೌಡ ಮುಂದೆ ಶಾಂತಿಸಾಗರ ಮಹಾರಾಜರಾಗಿ 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ದೇಹ ಬಿಟ್ಟರು. ಶೇಡಬಾಳದಲ್ಲಿ 1925ರಲ್ಲಿ ಹುಟ್ಟಿದ ವಿದ್ಯಾನಂದರು 2019ರ ಸೆಪ್ಟೆಂಬರ್ 22ರಂದು ದಿಲ್ಲಿಯಲ್ಲಿ ಹೋದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಸಾಗರರು 2024ರ ಫೆಬ್ರುವರಿ 18ರಂದು ಛತ್ತೀಸಗಡದ ಡೋಂಗರಗಡದಲ್ಲಿ ಹೋದರು. ಮೂವರದೂ ಸಲ್ಲೇಖನ. ಅನ್ನ ಬಿಟ್ಟು, ಹಾಲು ಬಿಟ್ಟು, ಕೊನೆಗೆ ನೀರನ್ನೂ ಬಿಟ್ಟು, ಎಚ್ಚರದಲ್ಲಿದ್ದುಕೊಂಡೇ ಹೋಗುವ ವ್ರತ ಅದು.

ನಾನು ಜೈನರ ಮನೆಯವಳಲ್ಲ. ಲಿಂಗಾಯತರ ಮನೆಯಲ್ಲಿ ಹುಟ್ಟಿ ಜೈನರ ಓಣಿಯಲ್ಲಿ ಬೆಳೆದವಳು. ಮೀರಜದಲ್ಲಿ ನರ್ಸಿಂಗ್ ಕಲಿತು, ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಸರ್ಕಾರಿ ದವಾಖಾನೆಗಳಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ನಮ್ಮ ಕಡೆ ನಮ್ಮಂಥವರಿಗೆ 'ನರ್ಸಬಾಯಿ' ಅನ್ನುತ್ತಾರೆ. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿದಾಗ ಎಲ್ಲರೂ ಅದನ್ನು ಹೊಸದು ಅಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ರೋಗಿ ಬೇಡ ಅನ್ನಬಹುದೇ, ಯಾವ ಸ್ಥಿತಿಯಲ್ಲಿ ಅನ್ನಬಹುದು, ಅದನ್ನು ಯಾರು ಒಪ್ಪಬೇಕು, ಬೇಡ ಅಂದವರ ಬಳಿ ಯಾರು ಕೂರಬೇಕು: ಈ ನಾಲ್ಕು ಪ್ರಶ್ನೆಗಳು ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕಿಂತ ಹಳೆಯವು. ಮೊದಲ ಮೂರನ್ನು ಕೋರ್ಟುಗಳು ಈಚೆಗೆ ಚೆನ್ನಾಗಿಯೇ ವಿಚಾರಿಸಿವೆ. ನಾಲ್ಕನೆಯದನ್ನು ಹಳಬರಷ್ಟು ಆಳವಾಗಿ ವಿಚಾರಿಸಿದವರನ್ನು ನಾನು ಕಂಡಿಲ್ಲ. ನರ್ಸಿನ ಕೆಲಸವೆಲ್ಲ ಇರುವುದು ಆ ನಾಲ್ಕನೆಯದರಲ್ಲೇ.

ಸಲ್ಲೇಖನ ಅಂದರೆ ಮನಸ್ಸು ಬಂದಾಗ ಊಟ ಬಿಡುವುದು ಅಂತ ತಿಳಿದವರು ಬಹಳ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಅದನ್ನು ಬಿಗಿಯಾದ ಬೇಲಿಯೊಳಗೆ ಇಟ್ಟಿದೆ. ಉಪಸರ್ಗ (ಮೇಲೆರಗುವ ವಿಪತ್ತು), ಬರಗಾಲ, ಮುಪ್ಪು, ರೋಗ, ಈ ನಾಲ್ಕರಲ್ಲಿ ಯಾವುದಾದರೂ ಬಂದು, ಅದಕ್ಕೆ ಪ್ರತೀಕಾರವೇ, ಅಂದರೆ ಪರಿಹಾರವೇ ಇಲ್ಲ ಅನ್ನುವ ಹಾಗಾದಾಗ ಮಾತ್ರ ಈ ವ್ರತಕ್ಕೆ ಅವಕಾಶ. 'ನಿಃಪ್ರತೀಕಾರ' ಅನ್ನುವ ಒಂದು ಮಾತಿನ ಮೇಲೆ ಇಡೀ ನಿಯಮ ನಿಂತಿದೆ. ಗುಣವಾಗುವ ಜಡ್ಡಿಗೆ ಈ ದಾರಿ ಇಲ್ಲ. ವೈದ್ಯರಲ್ಲೂ ಇಂಥದೇ ವಿಂಗಡಣೆ ಇತ್ತು. ಸುಲಭಕ್ಕೆ ಗುಣವಾಗುವ ರೋಗ, ಕಷ್ಟದಿಂದ ಗುಣವಾಗುವ ರೋಗ, ಗುಣವಾಗದಿದ್ದರೂ ಔಷಧದ ಬಲದಲ್ಲಿ ದಿನ ದೂಡಬಹುದಾದ ಯಾಪ್ಯ ರೋಗ, ಕೈಮೀರಿದ ರೋಗ ಎಂದು ಚರಕರ ಕಾಲದಿಂದ ಬೇರೆ ಬೇರೆ ಮಾಡಿ ನೋಡುತ್ತಿದ್ದರು. ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ'ದಲ್ಲಿ ಸಾವಿನ ಸೂಚನೆಗಳನ್ನು ಗುರುತಿಸುವ ಭಾಗವೂ ಇದೆ. ರೋಗಿಗೆ ತನ್ನ ಸ್ಥಿತಿ ಗೊತ್ತಾಗಬೇಕು, ಗೊತ್ತಾದ ಮೇಲೆ ಉಳಿದ ದಿನ ಹೇಗೆ ಕಳೆಯಬೇಕೆಂದು ಅವನೇ ತೀರ್ಮಾನಿಸಬೇಕು ಅನ್ನುವುದು ಆ ಶಾಸ್ತ್ರದ ಹಿಂದಿರುವ ವಿಚಾರ ಅಂತ ನಾನು ಓದಿಕೊಂಡಿದ್ದೇನೆ. ಇವತ್ತಿಗೂ ನಮ್ಮಲ್ಲಿ ಕ್ಯಾನ್ಸರ್ ಆದವರಿಗೆ ಕ್ಯಾನ್ಸರ್ ಅಂತ ಹೇಳುವುದಿಲ್ಲ. ಮಗನನ್ನು ಹೊರಗೆ ಕರೆದು ಅವನಿಗೆ ಹೇಳುತ್ತಾರೆ.

ಸಮಂತಭದ್ರರ ಬಗ್ಗೆ ಕನ್ನಡ ನಾಡಿನ ಜೈನರು ತಲೆತಲಾಂತರದಿಂದ ಹೇಳುವ ಕಥೆಯೊಂದಿದೆ. ಅವರಿಗೆ ಭಸ್ಮಕ ರೋಗ ಬಂತು. ಎಷ್ಟು ಉಂಡರೂ ಹೊಟ್ಟೆ ಉರಿಯುವ, ಹಸಿವೆ ತಣಿಯದ ರೋಗ. ದಿನಕ್ಕೊಮ್ಮೆ ಕೈಯಲ್ಲಿ ಉಣ್ಣುವ ಮುನಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೇನು? ಸಲ್ಲೇಖನಕ್ಕೆ ಅಪ್ಪಣೆ ಕೊಡಿ ಎಂದು ಗುರುಗಳನ್ನು ಬೇಡಿದರು. ಗುರುಗಳು ಕೊಡಲಿಲ್ಲ. ಇದು ವಾಸಿಯಾಗುವ ರೋಗ, ನಿನ್ನಿಂದ ಆಗಬೇಕಾದ ಕೆಲಸ ಇನ್ನೂ ಇದೆ, ವ್ರತ ಬದಿಗಿಟ್ಟು ಹೊಟ್ಟೆ ತುಂಬ ಉಂಡು ಗುಣಮಾಡಿಕೊಂಡು ಬಾ ಅಂದರು. ಸಮಂತಭದ್ರರು ಮುನಿವೇಷ ಕಳಚಿ, ಗುಡಿಯ ನೈವೇದ್ಯ ಉಂಡು, ವಾಸಿಯಾಗಿ ಮತ್ತೆ ದೀಕ್ಷೆ ತೆಗೆದುಕೊಂಡರಂತೆ. ಸಲ್ಲೇಖನದ ನಿಯಮ ಬರೆದವರಿಗೇ ಸಲ್ಲೇಖನ ಸಿಗಲಿಲ್ಲ! ಈ ವ್ರತದಲ್ಲಿ 'ಇಲ್ಲ' ಅನ್ನುವ ಹಕ್ಕು ಗುರುವಿಗೂ ಇತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅದೇ ಗ್ರಂಥ ಐದು ದೋಷಗಳನ್ನೂ ಹೇಳುತ್ತದೆ: ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಹೆದರಿಕೆ, ಗೆಳೆಯರ ನೆನಪಿನಲ್ಲಿ ಮನಸ್ಸು ಹರಿಯಬಿಡುವುದು, ಮುಂದೆ ಇಂಥ ಫಲ ಸಿಗಲಿ ಅನ್ನುವ ಬಯಕೆ. ಎರಡನೆಯದನ್ನು ಮತ್ತೊಮ್ಮೆ ಓದಿ. ಬೇಗ ಸಾಯಬೇಕು ಅಂದುಕೊಂಡರೂ ವ್ರತಕ್ಕೆ ದೋಷ ತಟ್ಟುತ್ತದೆ. ಇದನ್ನು ಆತ್ಮಹತ್ಯೆಗೆ ಸಮ ಅನ್ನುವವರು ಈ ಒಂದು ಮಾತನ್ನು ದಾಟಿ ಹೋಗಲಾರರು.

ಶಿವಾರ್ಯರ 'ಭಗವತೀ ಆರಾಧನಾ' ಎಂಬ ಪ್ರಾಕೃತ ಗ್ರಂಥದ ಹೆಸರು ಕನ್ನಡ ಓದುವವರಿಗೆ ಪರಿಚಯವಾಗಿರುವುದು 'ವಡ್ಡಾರಾಧನೆ'ಯ ಮೂಲಕ. ನಮ್ಮ ಭಾಷೆಯ ಆ ಹಳೆಯ ಗದ್ಯದ ಹತ್ತೊಂಬತ್ತು ಕಥೆಗಳಿಗೆ ಮೂಲ ಆ ಗ್ರಂಥದ ಗಾಹೆಗಳು, ಅಂದರೆ ಪ್ರಾಕೃತ ಪದ್ಯಗಳು. ಕಥೆಗಳನ್ನು ಕಾಲೇಜಿನಲ್ಲಿ ಓದಿಸುತ್ತಾರೆ. ಆ ಮೂಲದಲ್ಲಿರುವ ಆರೈಕೆಯ ವಿವರವನ್ನು ಮಾತ್ರ ಯಾರೂ ಓದಿಸುವುದಿಲ್ಲ. ನಮ್ಮ ಓಣಿಯ ಬಸದಿಯ ಉಪಾಧ್ಯೆಯವರು ನನಗೆ ಅದನ್ನು ಬಿಡಿಸಿ ಹೇಳಿದಾಗ ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ. ವಾರ್ಡಿನಲ್ಲಿ ಹಾಕುವ ಡ್ಯೂಟಿ ಪಟ್ಟಿಯನ್ನೇ ಅವರು ಓದಿದ ಹಾಗಿತ್ತು.

ವ್ರತ ಹಿಡಿದವನು ಕ್ಷಪಕ. ಅವನನ್ನು ದಡ ಮುಟ್ಟಿಸುವವರು ನಿರ್ಯಾಪಕರು. ಒಬ್ಬ ಕ್ಷಪಕನಿಗೆ ನಲವತ್ತೆಂಟು ನಿರ್ಯಾಪಕರು, ನಾಲ್ಕು ನಾಲ್ಕು ಜನರ ಹನ್ನೆರಡು ತಂಡ. ನಾಲ್ವರು ಅವನ ಮೈ ಮುಟ್ಟಿ ಎಬ್ಬಿಸಬೇಕು, ಕೂರಿಸಬೇಕು, ಮಗ್ಗಲು ಹೊರಳಿಸಬೇಕು. ನಾಲ್ವರು ಧರ್ಮದ ಮಾತು ಹೇಳಬೇಕು. ನಾಲ್ವರು ಆಹಾರ ತರಬೇಕು, ನಾಲ್ವರು ಕುಡಿಯುವುದನ್ನು ತರಬೇಕು, ನಾಲ್ವರು ತಂದದ್ದು ಕೆಡದ ಹಾಗೆ ಕಾಯಬೇಕು. ನಾಲ್ವರು ಮಲಮೂತ್ರ ತೆಗೆದು ಹಾಸಿಗೆ ಸ್ವಚ್ಛ ಮಾಡಬೇಕು. ನಾಲ್ವರು ಅವನ ಕೋಣೆಯ ಬಾಗಿಲಲ್ಲಿ, ನಾಲ್ವರು ಹೊರಬಾಗಿಲಲ್ಲಿ ಇರಬೇಕು. ನಾಲ್ವರು ರಾತ್ರಿ ನಿದ್ದೆಗೆಟ್ಟು ಕೂರಬೇಕು. ನಾಲ್ವರು ಊರಿನ, ನಾಡಿನ ಸ್ಥಿತಿಗತಿ ಗಮನಿಸುತ್ತಿರಬೇಕು. ನಾಲ್ವರು ನೋಡಲು ಬಂದವರನ್ನು ಹೊರಗೇ ಕೂರಿಸಿ ಧರ್ಮಕಥೆ ಹೇಳಬೇಕು. ಇನ್ನು ನಾಲ್ವರು ವಾದಕ್ಕೆ ಬಂದವರಿಗೆ ಉತ್ತರ ಕೊಡಬೇಕು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿವರ ಕೊನೆಯದು. ಕಾಲ ಕೆಟ್ಟು ಅಷ್ಟು ಜನ ಸಿಗದಿದ್ದರೆ ನಲವತ್ತನಾಲ್ಕು, ನಲವತ್ತು ಎಂದು ಕಡಿಮೆ ಮಾಡುತ್ತ ನಾಲ್ವರಿಗೆ ಇಳಿಸಬಹುದು, ತೀರ ಕೊನೆಗೆ ಇಬ್ಬರಿಗೆ. ಒಬ್ಬನೇ ಮಾತ್ರ ಕೂಡದು. ಯಾಕೆಂದರೆ ಒಬ್ಬನೇ ಇದ್ದರೆ ತನ್ನ ಊಟ, ನಿದ್ದೆಗೆ ಎದ್ದು ಹೋದಾಗ ರೋಗಿ ಒಂಟಿಯಾಗುತ್ತಾನೆ. ಹೋಗದೆ ಕೂತರೆ ಕೂತವನು ಕೆಡುತ್ತಾನೆ. ಆರೈಕೆ ಮಾಡುವವನ ಹೊಟ್ಟೆ, ಅವನ ನಿದ್ದೆ ಎರಡನ್ನೂ ಲೆಕ್ಕಕ್ಕೆ ಹಿಡಿದ ನಿಯಮ ಇದು. ರಾತ್ರಿ ಪಾಳಿಯಲ್ಲಿ ವಾರ್ಡು ತುಂಬ ರೋಗಿಗಳಿಗೆ ಒಬ್ಬಳೇ ನರ್ಸ್ ಇರುವ ನಮ್ಮ ಕಾಲದ ಆಸ್ಪತ್ರೆಗಳಿಗೆ ಈ ಒಂದು ಸಾಲನ್ನಾದರೂ ತಲುಪಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಇಂಥ ಸಾವುಗಳ ದಾಖಲೆ ಸುಮಾರು ಏಳನೆಯ ಶತಮಾನದಿಂದ ಸಿಗುತ್ತದೆ. ಬಿ.ಎಲ್. ರೈಸ್ 1889ರಲ್ಲಿ ಅವನ್ನು ಪ್ರಕಟಿಸಿದರು. ಷ. ಶೆಟ್ಟರ್ ಅವರು ಈ ವಿಷಯದ ಮೇಲೆಯೇ ಎರಡು ದೊಡ್ಡ ಪುಸ್ತಕ ಬರೆದರು. ಗಂಗ ಮಾರಸಿಂಹ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಬಳಿ ಹೋಗಿ ವ್ರತ ಹಿಡಿದದ್ದು, ರಾಷ್ಟ್ರಕೂಟರ ಕೊನೆಯ ಇಂದ್ರ 982ರಲ್ಲಿ ಬೆಳಗೊಳದಲ್ಲಿ ಹೋದದ್ದು, ಮಗಳು ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ತಿಂಗಳ ಉಪವಾಸ ಮಾಡಿ ಹೋದದ್ದು, ಇವೆಲ್ಲ ತಿಳಿದ ಸಂಗತಿ. ಮಾಚಿಕಬ್ಬೆಯ ಪ್ರಸಂಗ ಓದುವಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಮಗಳು ಸತ್ತ ದುಃಖಕ್ಕೆ ಪ್ರತೀಕಾರವಿಲ್ಲ ನಿಜ. ಆದರೆ ದುಃಖ ರೋಗವಲ್ಲ, ಬರಗಾಲವಲ್ಲ. ಗುರುಗಳ ಸಮ್ಮುಖದಲ್ಲಿ, ಬಂಧುಗಳ ಒಪ್ಪಿಗೆಯಲ್ಲಿ ನಡೆಯಿತೆಂದು ಶಾಸನ ಹೇಳಿದರೂ ನಿಯಮದ ಬೇಲಿ ಅಲ್ಲಿ ಸಡಿಲವಾಯಿತೇನೋ ಅಂತ ನನ್ನ ಅನುಮಾನ.

ಶಾಂತಿಸಾಗರರ ವಿಷಯದಲ್ಲಿ ಬೇಲಿ ಬಿಗಿಯಾಗಿಯೇ ಇತ್ತು. ಅವರು 1872ರಲ್ಲಿ ಹುಟ್ಟಿದವರು. 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ತೆಗೆದುಕೊಂಡು, ನಿಂತುಹೋದಂತಿದ್ದ ದಿಗಂಬರ ಮುನಿ ಪರಂಪರೆಯನ್ನು ಉತ್ತರ ಭಾರತದವರೆಗೂ ನಡೆದು ಮತ್ತೆ ಕಟ್ಟಿದರು. ಎಂಬತ್ತು ದಾಟಿದಾಗ ಕಣ್ಣು ಮಂಜಾದವು. ನಮಗೆ ಕಣ್ಣು ಮಂಜಾದರೆ ಚಸ್ಮಾ ಬರುತ್ತದೆ, ಮುಂದೆ ಆಪರೇಶನ್ ಆಗುತ್ತದೆ. ದಿಗಂಬರ ಮುನಿಗೆ ಕಣ್ಣೆಂದರೆ ವ್ರತವೇ. ಹೆಜ್ಜೆ ಇಡುವ ಮುಂಚೆ ನೆಲ ನೋಡಬೇಕು, ಇರುವೆ ತುಳಿಯಬಾರದು. ಕೈಗೆ ಬಿದ್ದ ತುತ್ತಿನಲ್ಲಿ ಹುಳ ಇದೆಯೋ ಇಲ್ಲವೋ ನೋಡಿ ಉಣ್ಣಬೇಕು. ಕಣ್ಣು ಹೋದ ಮೇಲೆ ಅಹಿಂಸೆ ನಡೆಯುವುದಿಲ್ಲ, ಅಹಿಂಸೆ ಇಲ್ಲದೆ ತಾನು ಮುನಿಯಾಗಿ ಉಳಿಯುವುದಿಲ್ಲ ಅನ್ನುವುದು ಅವರ ತರ್ಕ. 1955ರ ಆಗಸ್ಟ್‌ನಲ್ಲಿ ಕುಂಥಲಗಿರಿಯಲ್ಲಿ ವ್ರತ ಹಿಡಿದರು. ಸಾವಿರಾರು ಜನ ದರ್ಶನಕ್ಕೆ ಹೋದರು. ಭಾರತೀಯ ದಂಡ ಸಂಹಿತೆಯ 309ನೇ ಕಲಂ, ಅಂದರೆ ಆತ್ಮಹತ್ಯೆಯ ಪ್ರಯತ್ನಕ್ಕೆ ಒಂದು ವರ್ಷದವರೆಗೆ ಸೆರೆ ಹೇಳುವ 1860ರ ಕಲಂ, ಆಗಲೂ ಜಾರಿಯಲ್ಲಿತ್ತು. ದರ್ಶನಕ್ಕೆ ಹೋದ ಜನಕ್ಕೆ ಆ ವ್ರತಕ್ಕೂ ಈ ಕಲಮಿಗೂ ನಂಟಿದೆ ಅಂತ ಹೊಳೆಯಲೂ ಇಲ್ಲ.

ಅವರ ಬದುಕಿನ ಇನ್ನೊಂದು ಉಪವಾಸವನ್ನೂ ಹೇಳದೆ ಹೋದರೆ ನ್ಯಾಯವಾಗುವುದಿಲ್ಲ. ಮುಂಬಯಿ ಸರ್ಕಾರ 1947ರಲ್ಲಿ ಹರಿಜನರ ದೇವಾಲಯ ಪ್ರವೇಶದ ಕಾಯ್ದೆ ಮಾಡಿದಾಗ, ಅದು ಜೈನ ಬಸದಿಗಳಿಗೆ ಅನ್ವಯಿಸಬಾರದೆಂದು ಅವರು ಧಾನ್ಯದ ಆಹಾರ ಬಿಟ್ಟರು. 1951ರಲ್ಲಿ ಮುಂಬಯಿ ಹೈಕೋರ್ಟು ಜೈನರ ಪರವಾಗಿ ತೀರ್ಪು ಕೊಡುವವರೆಗೆ ಧಾನ್ಯ ಮುಟ್ಟಲಿಲ್ಲ. ಅಂಬೇಡ್ಕರರು 1925ರಲ್ಲಿ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದ ಸೀಮೆ ಇದು. ಆಚಾರ್ಯರ ಆ ನಿಲುವು ನನಗೆ ಒಪ್ಪಿಗೆಯಲ್ಲ. ಅದು ಸಾವಿನ ಉಪವಾಸವಾಗಿರಲಿಲ್ಲ, ಸರ್ಕಾರದಿಂದ ಒಂದು ಬೇಡಿಕೆ ಈಡೇರಿಸಿಕೊಳ್ಳುವ ತ್ಯಾಗವಾಗಿತ್ತು. ಸಲ್ಲೇಖನದಲ್ಲಿ ಯಾರಿಂದಲೂ ಏನೂ ಬೇಡುವಂತಿಲ್ಲ. ಒಬ್ಬರೇ ವ್ಯಕ್ತಿಯ ಎರಡು ತ್ಯಾಗಗಳ ನಡುವೆ ಇಷ್ಟು ಅಂತರ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇಂಥದೇ ಗೆರೆ ಎಳೆದಿದೆ. ಹಳೆಯ 309 ಹೋಯಿತು. ಸರ್ಕಾರಿ ನೌಕರನ ಮೇಲೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನಿಸುವುದು ಮಾತ್ರ 226ನೇ ಕಲಮಿನಲ್ಲಿ ಅಪರಾಧವಾಗಿ ಉಳಿಯಿತು.

ಸದಲಗಾದ ವಿದ್ಯಾಸಾಗರರಿಗೆ ನಿರ್ಯಾಪಕರ ಕೆಲಸ ಇಪ್ಪತ್ತಾರರ ಹರೆಯದಲ್ಲೇ ಬಂತು. ಅವರ ಗುರು ಜ್ಞಾನಸಾಗರರು 1972ರ ನವೆಂಬರಿನಲ್ಲಿ ಆಚಾರ್ಯ ಪದವಿಯನ್ನು ಶಿಷ್ಯನಿಗೆ ಬಿಟ್ಟುಕೊಟ್ಟು, ತಾವು ಕೆಳಗೆ ಕೂತು, ಆ ಶಿಷ್ಯನಿಂದಲೇ ಸಲ್ಲೇಖನ ಬೇಡಿದರು. 1973ರ ಜೂನ್ 1ರಂದು ನಸೀರಾಬಾದಿನಲ್ಲಿ ದೇಹ ಬಿಡುವವರೆಗೆ ಶಿಷ್ಯ ಆರೈಕೆಗೆ ನಿಂತ. ಮುಂದೆ ವಿದ್ಯಾಸಾಗರರ ಪ್ರೇರಣೆಯಿಂದ ಮಧ್ಯಪ್ರದೇಶದ ಸಾಗರದಲ್ಲಿ ಭಾಗ್ಯೋದಯ ತೀರ್ಥ ಎಂಬ ದೊಡ್ಡ ಆಸ್ಪತ್ರೆಯೇ ಎದ್ದಿತು. ಬೇರೆಯವರಿಗೆ ಔಷಧ ಸಿಗಲಿ ಎಂದು ಆಸ್ಪತ್ರೆ ಕಟ್ಟಿಸುವುದು, ತನ್ನ ಸರದಿ ಬಂದಾಗ ಔಷಧ ಬೇಡ ಅನ್ನುವುದು, ಎರಡೂ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಇದ್ದವು.

ನಮ್ಮ ಸೀಮೆಯಲ್ಲಿ ಸಾವು ಮನೆಯಿಂದ ಆಸ್ಪತ್ರೆಗೆ ಹೋದದ್ದು ಮೀರಜದಿಂದ. ಅಮೆರಿಕನ್ ಮಿಷನ್ನಿನ ಡಾ. ವಿಲಿಯಂ ವಾನ್ಲೆಸ್ 1889ರಲ್ಲಿ ಈ ಕಡೆ ಬಂದರು. 1894ರಲ್ಲಿ ಮೀರಜದಲ್ಲಿ ಆಸ್ಪತ್ರೆ ತೆರೆಯಿತು. ಕಾಗವಾಡ, ಅಥಣಿ, ಕುಡಚಿ, ರಾಯಬಾಗದ ಜನ ಚಕ್ಕಡಿ ಕಟ್ಟಿಕೊಂಡು, ಆಮೇಲೆ ರೈಲು ಹತ್ತಿ ಅಲ್ಲಿಗೆ ಹೋದರು. ಚಿಕ್ಕೋಡಿ, ಅಥಣಿ ಆಗ ಬ್ರಿಟಿಷರ ಬೆಳಗಾವಿ ಜಿಲ್ಲೆ, ರಾಯಬಾಗ ಕೊಲ್ಹಾಪುರದ ಮಹಾರಾಜರದು, ಮೀರಜ ಪಟವರ್ಧನರ ಸಂಸ್ಥಾನ. ಮೂರು ರಾಜ್ಯ ದಾಟಿಯಾದರೂ ರೋಗಿ ಒಂದೇ ದವಾಖಾನೆಗೆ ಹೋಗುತ್ತಿದ್ದ. ಕಣ್ಣಿನ ಪೊರೆ, ಮೂತ್ರದ ಕಲ್ಲು, ಹೊಟ್ಟೆಯ ಗಡ್ಡೆ, ಕಷ್ಟದ ಹೆರಿಗೆ: ಪ್ರತೀಕಾರವಿಲ್ಲ ಅಂತಿದ್ದ ಎಷ್ಟೋ ರೋಗಗಳಿಗೆ ಅಲ್ಲಿ ಪ್ರತೀಕಾರ ಸಿಕ್ಕಿತು. 'ನಿಃಪ್ರತೀಕಾರ'ದ ಗೆರೆ ಹಿಂದೆ ಸರಿಯಿತು. ಅದನ್ನು ನಾನು ಬಹಳ ದೊಡ್ಡ ಪುಣ್ಯ ಅಂತ ತಿಳಿದವಳು. ಆದರೆ ಗೆರೆ ಹಿಂದೆ ಸರಿದ ಮೇಲೆ, ಗೆರೆಯೇ ಇಲ್ಲ ಅನ್ನುವ ಭಾವನೆಯೂ ಮೆಲ್ಲಗೆ ಬಂತು.

1990ರ ದಶಕದಲ್ಲಿ ರಾಯಬಾಗ ತಾಲೂಕಿನ ಒಂದು ಊರಿನಲ್ಲಿದ್ದೆ. ಒಬ್ಬ ಜೈನ ರೈತರ ಮನೆಯ ಆಯಿಯನ್ನು ದೂರದ ದೊಡ್ಡ ಆಸ್ಪತ್ರೆಯಿಂದ ವಾಪಸು ಕರೆತಂದಿದ್ದರು. ಅನ್ನನಾಳದ ಕ್ಯಾನ್ಸರ್. ಮೂಗಿನಲ್ಲಿ ಹಾಕಿದ ನಳಿಯನ್ನು ಆಕೆ ಕಿತ್ತು ಹಾಕಿದ್ದಳು. ಎರಡೂ ಮುಂಗೈ ಮೇಲೆ ಬ್ಯಾಂಡೇಜ್ ಪಟ್ಟಿ ಕಟ್ಟಿದ ಗುರುತು ಕಪ್ಪಗೆ ಕೂತಿತ್ತು, ಬಳೆ ಇರುವ ಜಾಗದಲ್ಲೇ. ನಳಿ ಕೀಳದಿರಲಿ ಅಂತ ಮಂಚಕ್ಕೆ ಕೈ ಕಟ್ಟಿದ್ದರು. ಹಿರಿಮಗ ನನ್ನ ಕಡೆ ಕೈಮುಗಿದ. "ನರ್ಸಬಾಯಿ, ನಳಿ ಮತ್ತ ಹಾಕ್ರಿ. ಇಲ್ಲಂದ್ರ ಅವ್ವನ್ನ ಉಪಾಸ ಕೆಡವಿ ಕೊಂದ್ರು ಅಂತಾರ ಊರಾಗ." ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಆಕೆಯ ಪಕ್ಕ ಕೂತೆ.

"ಆಯೀ, ನಳಿ ಬ್ಯಾಡೇನ್ರೀ?"

ಧ್ವನಿ ಹೊರಡುವುದೇ ಕಷ್ಟವಿತ್ತು. "ಬ್ಯಾಡವಾ. ಸಾಯಬೇಕಂತ ಬ್ಯಾಡ ಅನವಲ್ಲೆ. ಅದು ಗಂಟಲದಾಗ ಇದ್ರ ಣಮೋಕಾರ ಮಂತ್ರ ಅನ್ನಾಕ ಬರೂದಿಲ್ಲ."

ಸಮಂತಭದ್ರರ ಎರಡನೆಯ ದೋಷವನ್ನು ಆಕೆ ಯಾವ ಪುಸ್ತಕವನ್ನೂ ಓದದೆ ಬಲ್ಲವಳಾಗಿದ್ದಳು. ನಮ್ಮ ದವಾಖಾನೆಯ ಡಾಕ್ಟರರಿಗೆ ಹೋಗಿ ಹೇಳಿದೆ. ಅವರು ಒಳ್ಳೆಯವರು, ಆದರೆ ಕಾನೂನಿನ ಹೆದರಿಕೆ ಇತ್ತು. 1994ರಲ್ಲಿ ಸುಪ್ರೀಂ ಕೋರ್ಟು 309 ಅಸಿಂಧು ಅಂದಿತ್ತು, 1996ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಮತ್ತೆ ಎತ್ತಿಹಿಡಿದಿತ್ತು. ಕೊನೆಗೆ ಅವರು ಮನೆಗೆ ಬಂದರು, ಆಕೆಯ ಮಾತು ತಾವೇ ಕೇಳಿದರು, ಕೇಸ್ ಪೇಪರಿನ ಮೇಲೆ ರೋಗಿ ನಳಿ ನಿರಾಕರಿಸಿದ್ದಾರೆ ಎಂದು ಬರೆದು ಹೆಬ್ಬೆಟ್ಟು ತೆಗೆದುಕೊಂಡರು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರು. ನೋವಿನ ಇಂಜೆಕ್ಷನ್ ನಿಲ್ಲಿಸಲಿಲ್ಲ. ಸೊಸೆಯಂದಿರು, ಹೆಣ್ಣುಮಕ್ಕಳು, ಓಣಿಯ ಶ್ರಾವಿಕೆಯರು ಪಾಳಿ ಹಚ್ಚಿಕೊಂಡರು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಬೆನ್ನಿಗೆ ಪೌಡರ್ ಹಾಕುವುದು, ತುಟಿಗೆ ತುಪ್ಪ ಸವರುವುದು ನಾನು ತೋರಿಸಿಕೊಟ್ಟೆ. ಆಕೆ ಇಳಿಸಿದಷ್ಟು ಮಜ್ಜಿಗೆ, ಆಮೇಲೆ ಬಿಸಿನೀರು ಕುಡಿದು, ಮನೆಯಲ್ಲೇ ಹೋದಳು. ಬೆನ್ನಿನಲ್ಲಿ ಒಂದು ಹುಣ್ಣೂ ಆಗಿರಲಿಲ್ಲ.

ನರ್ಸ್ ಅಂದಮೇಲೆ ಅರುಣಾ ಶಾನಭಾಗರ ಹೆಸರು ಹೇಳದೆ ಇರಲಾರೆ. ಹೊನ್ನಾವರ ತಾಲೂಕಿನ ಹಳದೀಪುರದ ಹುಡುಗಿ, ಮುಂಬಯಿಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ಒಬ್ಬ ಆಕೆಯ ಮೇಲೆ ನಡೆಸಿದ ಹಲ್ಲೆಯಿಂದ ಮೆದುಳಿಗೆ ತೀವ್ರ ಹಾನಿಯಾಗಿ ಹಾಸಿಗೆ ಹಿಡಿದಳು. 2015ರ ಮೇ 18ರಂದು ಸಾಯುವವರೆಗೂ, ನಲವತ್ತೊಂದು ವರ್ಷಕ್ಕೂ ಹೆಚ್ಚು, ಒಂದು ಪೀಳಿಗೆಯ ನಂತರ ಇನ್ನೊಂದು ಪೀಳಿಗೆಯ ನರ್ಸುಗಳು ಆಕೆಗೆ ಉಣ್ಣಿಸಿದರು, ತೊಳೆದರು. ಆಕೆಗೆ ಆಹಾರ ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವೀರಾನಿ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ಒಪ್ಪಲಿಲ್ಲ. ಆಕೆಯ ಪರವಾಗಿ ಮಾತಾಡುವ ಅಧಿಕಾರ ಆಕೆಯನ್ನು ನೋಡಿಕೊಂಡ ಕೆಇಎಂ ಸಿಬ್ಬಂದಿಯದು ಅಂದಿತು. ಅದೇ ತೀರ್ಪು, ಗುಣವಾಗದ ರೋಗಿಯ ಜೀವಾಧಾರಕ ಚಿಕಿತ್ಸೆಯನ್ನು ಹೈಕೋರ್ಟಿನ ಒಪ್ಪಿಗೆಯಿಂದ ನಿಲ್ಲಿಸಬಹುದೆಂದು ದಾರಿಯನ್ನೂ ತೆರೆಯಿತು. ಬಳಿ ಕೂತವರ ಮಾತಿಗೆ ಕೋರ್ಟು ತೂಕ ಕೊಟ್ಟದ್ದು ಅಲ್ಲಿ. ಸಾವಿನ ಹಕ್ಕಿನ ಚರ್ಚೆಯಲ್ಲಿ ಆ ಭಾಗವನ್ನು ಎಲ್ಲರೂ ಮರೆಯುತ್ತಾರೆ.

ನಾಲ್ಕು ವರ್ಷದ ಮೇಲೆ ಬಂದ ಇನ್ನೊಂದು ತೀರ್ಪು ನಮ್ಮ ಊರುಗಳನ್ನು ನೇರವಾಗಿ ತಟ್ಟಿತು. 2006ರಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಯ ಮೇಲೆ ರಾಜಸ್ಥಾನ ಹೈಕೋರ್ಟು 2015ರ ಆಗಸ್ಟ್ 10ರಂದು ಸಂಥಾರ ಎಂದೂ ಕರೆಯುವ ಸಲ್ಲೇಖನ ಆತ್ಮಹತ್ಯೆಗೆ ಸಮ, 309ರ ಅಡಿ ಅಪರಾಧ, ನೆರವಾದವರಿಗೆ 306 ಎಂದು ತೀರ್ಪಿತ್ತಿತು. 306 ಅಂದರೆ ಕುಮ್ಮಕ್ಕು, ಹತ್ತು ವರ್ಷದವರೆಗೆ ಸೆರೆ. ದೇಶದ ತುಂಬ ಜೈನರು ಮೌನ ಮೆರವಣಿಗೆ ತೆಗೆದರು. ಸುಪ್ರೀಂ ಕೋರ್ಟು ಅದೇ ಆಗಸ್ಟ್ 31ರಂದು ತಡೆ ಕೊಟ್ಟಿತು. ವಿದ್ಯಾನಂದರ, ವಿದ್ಯಾಸಾಗರರ ಸಲ್ಲೇಖನ ನಡೆದದ್ದು ಆ ತಡೆ ಬಂದ ಮೇಲೆ. ಧರ್ಮದ ಹಕ್ಕಿನ ವಾದವನ್ನು ವಕೀಲರು ಮಾಡಲಿ. ನನ್ನನ್ನು ಕಾಡಿದ್ದು ಆ 306. ಆ ತೀರ್ಪಿನ ಕಣ್ಣಿನಲ್ಲಿ ನಲವತ್ತೆಂಟು ನಿರ್ಯಾಪಕರೂ ಆರೋಪಿಗಳು. ಹಾಸಿಗೆ ತೊಳೆದವರು, ರಾತ್ರಿ ಎಚ್ಚರವಿದ್ದವರು, ತುಟಿಗೆ ತುಪ್ಪ ಸವರಿದವರು ಎಲ್ಲರೂ. ಹಾಗಾದರೆ ಜನ ಏನು ಮಾಡುತ್ತಾರೆ? ಊಟ ಬಿಟ್ಟವರನ್ನು ಬಿಟ್ಟು ಎದ್ದು ಹೋಗುತ್ತಾರೆ.

ಆ ಹೈಕೋರ್ಟಿನ ಆತಂಕ ಮಾತ್ರ ಸುಳ್ಳಲ್ಲ. ಅಥಣಿ ತಾಲೂಕಿನಲ್ಲಿ ಒಂದು ಮನೆಗೆ ಹೋದಾಗ, "ಅವ್ವ ಊಟಾ ಬಿಟ್ಟಾಳ್ರಿ, ಆಕಿ ಮನಸಿಗೆ ಬಂದೈತಿ" ಅಂದರು. ಹಿತ್ತಿಲ ಕೋಣೆಯಲ್ಲಿ ಆ ಮುದುಕಿ ಒಬ್ಬಳೇ ಇದ್ದಳು. ಕೌದಿ ಒದ್ದೆ. ತಲೆದೆಸೆಯಲ್ಲಿ ನೀರಿನ ತಂಬಿಗೆ ಇಲ್ಲ. ಅದು ಜೈನರ ಮನೆಯೂ ಅಲ್ಲ, ವ್ರತವೂ ಅಲ್ಲ. ಬಾಗಿಲು ಮುಂದೆ ಮಾಡಿ ಕೇಳಿದೆ. "ಊಟಕ್ಕ ಯಾರೂ ಕರೀಲಿಲ್ಲವಾ" ಅಂದಳು. ಜೋಳದ ನುಚ್ಚು, ಮಜ್ಜಿಗೆ ತರಿಸಿದೆ. ಬಟ್ಟಲು ಖಾಲಿ ಮಾಡಿದಳು. ತಂದೆತಾಯಿಯರ, ಹಿರಿಯರ ಪೋಷಣೆಗೆ 2007ರಲ್ಲಿ ಕಾಯ್ದೆ ಬಂದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ದೂರು ಕೊಡುವ ದಾರಿಯಾಯಿತು. ಆಗ ಅದೂ ಇರಲಿಲ್ಲ. ರಾಯಬಾಗದ ಆ ಮನೆಗೂ ಈ ಮನೆಗೂ ಇರುವ ವ್ಯತ್ಯಾಸ ತಿಳಿಯಲು ನನಗೆ ಯಾವ ಕಲಮೂ ಬೇಕಾಗಲಿಲ್ಲ. ರೋಗಿಯನ್ನು ಒಂಟಿಯಾಗಿ ಕೂರಿಸಿ ಕೇಳಬೇಕು. ಆಮೇಲೆ ಆಕೆಯ ಬಳಿ ಯಾರು ಕೂತಿದ್ದಾರೆ ನೋಡಬೇಕು. ಇಬ್ಬರಿಗಿಂತ ಕಡಿಮೆ ಇದ್ದರೆ ಅದು ತ್ಯಾಗವಲ್ಲ, ಬೀಸಾಡಿದ್ದು.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೇ ಎಂದಿತು. ಬುದ್ಧಿ ಸರಿಯಿರುವ ವಯಸ್ಕ ರೋಗಿ ಚಿಕಿತ್ಸೆ ಬೇಡ ಅನ್ನಬಹುದು. ಮುಂದೆ ಮಾತು ನಿಂತರೆ ಏನು ಮಾಡಬೇಕೆಂದು ಮುಂಚೆಯೇ ಉಯಿಲು ಬರೆದಿಡಬಹುದು. 2023ರ ಜನವರಿ 24ರಂದು ಇನ್ನೊಂದು ಪೀಠ ಆ ಕ್ರಮವನ್ನು ಸುಲಭ ಮಾಡಿತು. ಮೊದಲು ಉಯಿಲಿಗೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ಆಸ್ಪತ್ರೆಯಲ್ಲಿ ಮೂವರು ಡಾಕ್ಟರರ ಪ್ರಾಥಮಿಕ ಮಂಡಳಿ ನೋಡಬೇಕು, ಬೇರೆ ಮೂವರ ಎರಡನೆಯ ಮಂಡಳಿ ಅದನ್ನು ಒಪ್ಪಬೇಕು. ಕರ್ನಾಟಕದ 2025ರ ಸುತ್ತೋಲೆ ಈ ಎರಡನೆಯ ಮಂಡಳಿಗೆ ಒಬ್ಬ ವೈದ್ಯರನ್ನು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಬೇಕೆಂದು ಗೊತ್ತುಮಾಡಿತು. ನಿರ್ಧಾರದ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಸಮಂತಭದ್ರರ ಗುರುಗಳು ಒಬ್ಬರೇ ಮಾಡಿದ ಕೆಲಸಕ್ಕೆ ಈಗ ಆರು ಮಂದಿ. ನನಗೆ ಇದರಲ್ಲಿ ತಕರಾರಿಲ್ಲ. ಹಾಗೆ ತೂಗಿ ನೋಡುವುದೇ ಸರಿ. ಈ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಎರಡು ದಶಕದ ಮೇಲೆ ಪತ್ರ ಬರೆದು, ಅಲೆದು, ಹೋರಾಡಿದರು. ಅವರನ್ನು ನೆನೆದು ನಮಸ್ಕರಿಸುತ್ತೇನೆ.

ಆದರೆ ಆ ಕ್ರಮದಲ್ಲಿ ವೆಂಟಿಲೇಟರ್ ತೆಗೆಯಲು ಎಷ್ಟು ಜನ ಸಹಿ ಹಾಕಬೇಕು ಅನ್ನುವುದು ಸ್ಪಷ್ಟವಿದೆ. ತೆಗೆದ ಮೇಲೆ ಮಗ್ಗಲು ಹೊರಳಿಸಲು ಎಷ್ಟು ಜನ ಬೇಕು ಅನ್ನುವುದು ಅಷ್ಟು ಸ್ಪಷ್ಟವಿಲ್ಲ. ನೋವು ತಗ್ಗಿಸುವ ಆರೈಕೆ ಕೊಡಬೇಕು ಅನ್ನುತ್ತಾರೆ, ಸರಿ. ಅಥಣಿಯಲ್ಲಿ, ರಾಯಬಾಗದಲ್ಲಿ ಅದನ್ನು ಮನೆಗೆ ಬಂದು ಕೊಡುವವರು ಯಾರು? ಮಾರ್ಫಿನ್ ಮಾತ್ರೆ ಬರೆದುಕೊಡುವವರು ಯಾರು? ಇದರ ಮೇಲೆ ಗಡಿಯ ತೊಡಕು ಬೇರೆ. ಕಾಗವಾಡದವರಿಗೆ ಬೆಳಗಾವಿಗಿಂತ ಮೀರಜ ಎಷ್ಟೋ ಹತ್ತಿರ. ಸಾವು ಬದುಕಿನ ಹೊತ್ತಿನಲ್ಲಿ ಗಾಡಿ ಆ ಕಡೆಗೇ ಓಡುತ್ತದೆ. ಸುಪ್ರೀಂ ಕೋರ್ಟಿನ ಮಾತು ಎರಡೂ ರಾಜ್ಯಕ್ಕೆ ಒಂದೇ. ಬೆಂಗಳೂರಿನ ಸುತ್ತೋಲೆ ಮಾತ್ರ ಮಹಾರಾಷ್ಟ್ರದಲ್ಲಿರುವ ಮೀರಜದ ಆಸ್ಪತ್ರೆಗೆ ಅನ್ವಯಿಸುವುದಿಲ್ಲ. ಕನ್ನಡದಲ್ಲಿ ಬರೆದ ಉಯಿಲನ್ನು ಅಲ್ಲಿನ ಡಾಕ್ಟರರಿಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿ ಹೇಳುವವರು ಬೇಕು.

ನಾನು ನನ್ನ ಉಯಿಲನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಸಿ ಅಥಣಿಯ ನೋಟರಿಯ ಬಳಿ ಸಹಿ ಹಾಕಿದ್ದೇನೆ. ಮಗಳಿಗೂ ಸೊಸೆಗೂ ಅಧಿಕಾರ ಕೊಟ್ಟಿದ್ದೇನೆ, ಒಬ್ಬರಿಗೇ ಅಲ್ಲ. ಗುಣವಾಗುವುದಿಲ್ಲವೆಂದು ಮಂಡಳಿ ಹೇಳಿದರೆ ವೆಂಟಿಲೇಟರ್ ಬೇಡ, ಮೂಗಿನ ನಳಿ ಬೇಡ, ಕೈ ಕಟ್ಟುವುದಂತೂ ಬೇಡವೇ ಬೇಡ. ನೋವಿನ ಔಷಧ ಬೇಕು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ತುಟಿ ಒಣಗಬಾರದು, ನೋಡಿಕೊಳ್ಳುವವರು ಪಾಳಿಯ ಮೇಲೆ ಉಂಡು ಮಲಗಬೇಕು ಎಂದು ಬರೆಸಿದ್ದೇನೆ. ಕೊನೆಯ ಅಂಶ ನೋಡಿ ನೋಟರಿ, "ಇದು ಕಾನೂನಿನಲ್ಲಿ ಬರುವುದಿಲ್ಲರೀ ಅಕ್ಕಾರ" ಅಂದರು. ಇರಲಿ, ಬರೆಯಿರಿ ಅಂದೆ. ಉಯಿಲಿನ ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಗೊತ್ತಾದ ಅಧಿಕಾರಿಯ ಬಳಿ ಇಡಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಆ ಅಧಿಕಾರಿ ಯಾರು ಅಂತ ಕೇಳಿ ಅರ್ಜಿ ಕೊಟ್ಟಿದ್ದೇನೆ. ಹೆಸರು ಬರುವವರೆಗೆ ಕೇಳುತ್ತಲೇ ಇರುತ್ತೇನೆ. ನಿಮ್ಮ ಪಂಚಾಯಿತಿಯಲ್ಲಿ ನೀವೂ ಕೇಳಿ.